ಅಂಗಡಿ ಕೆಮ್ಮು

ಅಕ್ಕಸಾಲಿಗರ ಓಣಿಯಲ್ಲಿ ಊದುಗೊಳವೆ ಹಿಡಿದು ಕೂತ ಒಬ್ಬಳೇ ಹೆಂಗಸು ಊದಕ್ಕ. ಇಷ್ಟೊಂದು ಗಂಡಸರ ನಡುವೆ ಹೇಗಮ್ಮಾ ಕೂತೆ ಎಂದು ಯಾರಾದರೂ ಮೆಚ್ಚಿಕೊಂಡು ಕೇಳಿದರೂ ಅವಳಿಗೆ ಮೈ ಉರಿಯುತ್ತದೆ. "ನಾನು ಅವರ ನಡುವೆ ಕೂತಿಲ್ಲ ಕಣಪ್ಪ. ನನ್ನ ಪಾಡಿಗೆ ನಾನು ಕೂತಿದ್ದೆ, ಅವರು ಬಂದು ಸುತ್ತ ಕೂತ್ರು" ಎನ್ನುತ್ತಾಳೆ. ಸುಳ್ಳೇನೂ ಅಲ್ಲ. ಅವಳ ಅಪ್ಪ ಅಂಗಡಿ ಹಾಕಿದಾಗ ಆ ಓಣಿಯಲ್ಲಿದ್ದದ್ದು ಚಪ್ಪಲಿ ಹೊಲಿಯುವವನ ಗೂಡು ಮತ್ತು ಬೀಗ ಜಡಿದ ಒಂದು ಗೋದಾಮು. ಈಗ ಹೋಗಿ ನೋಡಿ, ಕಾಲಿಡಲು ಜಾಗವಿಲ್ಲ. ಎರಡೂ ಬದಿಗೆ ಕಪಾಟಿನಷ್ಟು ಅಂಗಡಿಗಳು. ಒಂದೊಂದರೊಳಗೂ ಒಂದು ಗಿಡ್ಡ ಮೇಜು, ಮೇಜಿನ ಹಿಂದೆ ಬೆನ್ನು ಬಗ್ಗಿಸಿ ಕೂತ ಮನುಷ್ಯ, ಅವನ ಮೂಗಿನ ಕೆಳಗೆ ಉರಿಯುವ ದೀಪ.

ಊದಕ್ಕನ ಅಂಗಡಿಯಲ್ಲಿ ಮುಂದುಗಡೆ ಕೂರುವವಳು ಮಗಳು. ಗಿರಾಕಿಗಳ ಜೊತೆ ನಗುವುದು, ತೂಗುವುದು, ನಾಳೆ ಬನ್ನಿ ಎನ್ನುವುದು ಅವಳ ಕೆಲಸ. ಪರದೆಯ ಹಿಂದೆ ಒಂದು ಕೋಣೆ. ಅದಕ್ಕೆ ಕಿಟಕಿ ಎಂಬುದೊಂದಿದೆ, ಆದರೆ ಗಾಳಿ ಬಂದರೆ ದೀಪ ಅಲುಗಾಡುತ್ತದೆ ಎಂದು ಅಪ್ಪ ಅದಕ್ಕೆ ಹಲಗೆ ಹೊಡೆದಿದ್ದ. ಅಪ್ಪ ಹೋದ ಮೇಲೂ ಹಲಗೆ ಹೋಗಲಿಲ್ಲ. ಆ ಕೋಣೆಯಲ್ಲಿ ಎದುರುಬದುರು ಎರಡು ಮೇಜು. ಒಂದರಲ್ಲಿ ಊದಕ್ಕ, ಇನ್ನೊಂದರಲ್ಲಿ ಅವಳ ತಮ್ಮ. ಇಬ್ಬರ ನಡುವೆ ಇದ್ದಿಲಿನ ಒಲೆ, ಆಸಿಡ್ಡಿನ ಬಟ್ಟಲು, ಮತ್ತು ಚಿಕ್ಕಂದಿನಿಂದ ಮುಗಿಯದ ಜಗಳ.

ಊದುಗೊಳವೆ ಎಂದರೆ ತುದಿ ಬಾಗಿದ ಹಿತ್ತಾಳೆಯ ಸಣ್ಣ ಕೊಳವೆ. ಒಂದು ತುದಿ ಬಾಯಿಗೆ, ಇನ್ನೊಂದು ದೀಪದ ಪಕ್ಕಕ್ಕೆ. ಹದವಾಗಿ ಊದಿದರೆ ಜ್ವಾಲೆ ಬಾಗಿ, ಸೂಜಿಯ ಹಾಗೆ ಚೂಪಾಗಿ, ಬೆಸುಗೆ ಬೇಕಾದ ಜಾಗಕ್ಕೇ ಹೋಗಿ ಮುಟ್ಟುತ್ತದೆ. ಕಷ್ಟ ಇರುವುದು ಎಲ್ಲಿ ಎಂದರೆ, ಊದುವುದನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ಉಸಿರೆಳೆಯಲು ಬಾಯಿ ತೆಗೆದರೆ ಬೆಸುಗೆ ಅರ್ಧಕ್ಕೇ ಗಟ್ಟಿಯಾಗಿ ಕೂರುತ್ತದೆ. ಅದಕ್ಕೇ ಕಸುಬು ಬಲ್ಲವರು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಅದನ್ನು ಕೆನ್ನೆಯಿಂದಲೇ ಒತ್ತಿ ಒತ್ತಿ ಕೊಳವೆಗೆ ಬಿಡುತ್ತಾ, ಅದೇ ಹೊತ್ತಿನಲ್ಲಿ ಮೂಗಿನಿಂದ ಉಸಿರೆಳೆದುಕೊಳ್ಳುತ್ತಾರೆ. ಹುಡುಗಿಯಾಗಿದ್ದಾಗ ಊದಕ್ಕನ ಕೈಗೆ ಅಪ್ಪ ಒಂದು ಲೋಟ ನೀರು, ಒಂದು ಹುಲ್ಲಿನ ಕೊಳವೆ ಕೊಟ್ಟು ಮೂಲೆಯಲ್ಲಿ ಕೂರಿಸಿದ್ದ. ನೀರಿನ ಗುಳುಗುಳು ನಿಲ್ಲಬಾರದು, ಅಷ್ಟೇ ಪಾಠ. ತಮ್ಮನಿಗೂ ಅದೇ ಲೋಟ ಕೊಟ್ಟ. ತಮ್ಮ ನೀರು ಕುಡಿದು ಎದ್ದು ಹೋದ, ಆಮೇಲೆ ಎಂದೋ ಅವಳನ್ನು ನೋಡಿ ಕಲಿತ; ಲೋಟದಿಂದ ಕಲಿತವಳು ಅಕ್ಕ. ಊದಕ್ಕ ಎಂಬ ಹೆಸರು ಬಂದದ್ದು ಹಾಗೆ.

ಒಂದು ಸಲ ಮಾತ್ರ ಅವಳು ಅವಸರಕ್ಕೆ ಬಿದ್ದು ಎದೆ ತುಂಬ ಉಸಿರೆಳೆದು ಜೋರಾಗಿ ಊದಿಬಿಟ್ಟಳು. ಕೂದಲೆಳೆಯಷ್ಟು ತೆಳು ಸರದ ಕೊಂಡಿ ಕಣ್ಣೆದುರೇ ಕರಗಿ ಸಾಸಿವೆ ಕಾಳಿನಂತೆ ಉಂಡೆಯಾಯಿತು. ಅಪ್ಪ ಹೊಡೆಯಲಿಲ್ಲ. ಆ ಉಂಡೆಯನ್ನು ಚಿಮಟದಿಂದ ಎತ್ತಿ ಅವಳ ಅಂಗೈಗೆ ಹಾಕಿ, "ಬಿರುಗಾಳಿ ಎಬ್ಬಿಸೋದಿದ್ರೆ ಬಯಲಿಗೆ ಹೋಗು. ಇಲ್ಲಿ ಬೇಡ" ಎಂದ. ಅವತ್ತಿನಿಂದ ಅವಳು ಯಾವುದನ್ನೂ ಜೋರಾಗಿ ಊದಿದವಳಲ್ಲ. ಬಿಸಿ ಕಾಫಿಯನ್ನು ಕೂಡ ತಾನಾಗಿ ಆರುವವರೆಗೆ ನೋಡುತ್ತಾ ಕೂರುತ್ತಿದ್ದಳು.

ಇನ್ನು ಕೆಮ್ಮು. ಬೆಳಗ್ಗೆ ಓಣಿಯಲ್ಲಿ ಬಾಗಿಲುಗಳು ತೆರೆಯುವ ಮೊದಲು ಕೆಮ್ಮುಗಳು ತೆರೆಯುತ್ತಿದ್ದವು. ಇಂಥವನು ಬಂದ, ಇಂಥವನು ಇನ್ನೂ ಬಂದಿಲ್ಲ ಎಂದು ಕೆಮ್ಮಿನಲ್ಲೇ ಗೊತ್ತಾಗುತ್ತಿತ್ತು. ಎಲ್ಲರಿಗೂ ಇದ್ದದ್ದರಿಂದ ಅದು ರೋಗ ಅನ್ನಿಸಿಕೊಳ್ಳಲಿಲ್ಲ, ಅಂಗಡಿ ಕೆಮ್ಮು ಅನ್ನಿಸಿಕೊಂಡಿತು. ಕಸುಬಿನ ಜೊತೆ ಬರುವ ಬೆನ್ನುನೋವು, ಬೆರಳಿನ ಸುಟ್ಟ ಕಲೆ, ಅಂಥದ್ದೇ ಇನ್ನೊಂದು. ನಿಜವಾಗಿ ಕಾಯಿಲೆಯೋ ಅಲ್ಲವೋ ಎಂದು ತಿಳಿಯಲು ಅವರ ಬಳಿ ಒಂದೇ ಪರೀಕ್ಷೆ ಇತ್ತು. ಊದುವಾಗ ಜ್ವಾಲೆ ಅಲುಗಾಡುತ್ತದೆಯೇ? ಅಲುಗಾಡದಿದ್ದರೆ ನೀನು ಗಟ್ಟಿ. ಊದಕ್ಕನ ಜ್ವಾಲೆ ಎಂದೂ ಅಲುಗಾಡಿದ್ದಿಲ್ಲ. ಎಲ್ಲಿಂದ ಅಲುಗಾಡಬೇಕು? ಅವಳು ಊದುತ್ತಿದ್ದದ್ದು ಕೆನ್ನೆಯಿಂದ. ಎದೆಯೊಳಗೆ ಏನು ಕುಸಿದರೂ ಕೆನ್ನೆಗೇನು ಗೊತ್ತು! ಅಷ್ಟು ಜನ ಜಾಣರು ಅಷ್ಟು ವರ್ಷ ಈ ಒಂದು ವಿಷಯ ಯೋಚಿಸಲಿಲ್ಲ ಎಂದರೆ ಸಿಟ್ಟು ಬರುತ್ತದೆ, ಆದರೆ ನಡೆದದ್ದು ಹಾಗೇ.

ಗಂಡ ಇದ್ದನೇ ಎಂದು ಕೇಳಬೇಡಿ, ಇದ್ದ. "ನನ್ನ ಕೆಮ್ಮಿಗೆ ನಿದ್ದೆ ಬರಲ್ಲ ಅಂತ ಬೇರೆ ಊರಿಗೆ ಮಲಗೋಕೆ ಹೋದ. ಇನ್ನೂ ಎದ್ದಿಲ್ಲ ಅಂತ ಕಾಣುತ್ತೆ" ಎಂದು ಅವಳೇ ಹೇಳಿ ನಗುತ್ತಾಳೆ. ಮಗಳಿಗೆ ಅವನ ಮುಖ ಸರಿಯಾಗಿ ನೆನಪಿಲ್ಲ.

ಕೆಲವು ವರ್ಷಗಳ ಹಿಂದೆ ಮೆಟ್ಟಿಲು ಹತ್ತುವಾಗ ಏದುಸಿರು ಬಂದು ಊದಕ್ಕ ನಡುವೆಯೇ ಕೂತುಬಿಟ್ಟಳು. ಮಗಳು ಹಟ ಹಿಡಿದು ಎದೆ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಮೊದಲ ಪ್ರಶ್ನೆಯೇ "ಬೀಡಿ, ಸಿಗರೇಟು?" ಎಂದು. ಊದಕ್ಕ ಕುರ್ಚಿ ಬಿಟ್ಟು ಎದ್ದಳು. "ನನ್ನ ಬಾಯಲ್ಲಿ ನಾನು ಇಟ್ಟಿದ್ದು ಒಂದೇ ಕೊಳವೆ. ಅದರಿಂದ ನಾನು ಹೊರಗೆ ಊದಿದೀನಿ, ಒಳಗೆ ಎಳೆದಿಲ್ಲ!" ಡಾಕ್ಟರು ನಗಲಿಲ್ಲ. ಇದ್ದಿಲು, ಆಸಿಡ್, ಹಲಗೆ ಹೊಡೆದ ಕಿಟಕಿ, ಎಲ್ಲ ಕೇಳಿ ತಿಳಿದುಕೊಂಡು, "ಕೊಳವೆಯಿಂದ ಎಳೆದಿಲ್ಲ, ಮೂಗಿನಿಂದ ಎಳೆದಿದೀರ" ಎಂದರು. ಶ್ವಾಸನಾಳಗಳು ಕಿರಿದಾಗಿವೆ, ಗಾಳಿಚೀಲಗಳು ಜೋತುಬಿದ್ದಿವೆ, ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ಹೊಗೆ ಬಿಡಿ, ದಿನಾ ಈ ಪಂಪಿನಿಂದ ಔಷಧಿ ಎಳೆದುಕೊಳ್ಳಿ, ವರ್ಷಕ್ಕೊಮ್ಮೆ ಬನ್ನಿ. ಊದಕ್ಕ ತಲೆಯಾಡಿಸಿ ಬಂದಳು. ಪಂಪನ್ನು ಅರಗಳ ಜೊತೆ ಮೇಜಿನ ಖಾನೆಗೆ ಹಾಕಿದಳು. ಮಗಳು ಕಣ್ಣು ಬಿಟ್ಟಾಗ ಒಮ್ಮೆ ಎಳೆದು, "ಆಯ್ತಾ ತಾಯಿ?" ಎನ್ನುವಳು. ವರ್ಷಕ್ಕೊಮ್ಮೆ ಹೋಗುವ ಮಾತು ಅಲ್ಲಿಗೇ ನಿಂತಿತು.

ಹೊಸ ಕಾಯಿಲೆ ಬಂದಾಗ ಹಳೆಯದರ ಸೆರಗಿನಲ್ಲಿ ಅಡಗಿಕೊಂಡೇ ಬಂತು. ಕೆಮ್ಮು ಹೆಚ್ಚಾಯಿತು, ಅಂಗಡಿ ಕೆಮ್ಮು ತಾನೇ, ಹೆಚ್ಚಾಗುತ್ತದೆ. ಭುಜ ನೋಯುತ್ತಿತ್ತು; ಬಗ್ಗಿ ಕೂತವಳಿಗೆ ನೋಯದೆ ಇನ್ನಾರಿಗೆ ನೋಯಬೇಕು? ರವಿಕೆ ಸಡಿಲವಾಯಿತು, ವಯಸ್ಸು. ಒಂದೊಂದಕ್ಕೂ ಹಳೆಯ ಉತ್ತರ ಸಿದ್ಧವಿತ್ತು. ಕೊನೆಗೆ ಸಿಕ್ಕಿಬಿದ್ದದ್ದು ಪಾಲಿಶ್ ಬಟ್ಟೆಯಿಂದ. ಚಿನ್ನಕ್ಕೆ ಹೊಳಪು ಕೊಡುವ ಪುಡಿ ಕೆಂಪು, ಅದನ್ನು ಉಜ್ಜುವ ಬಟ್ಟೆಯೂ ಕೆಂಪು. ಕೆಮ್ಮು ಬಂದಾಗ ಕೈಗೆ ಸಿಕ್ಕಿದ ಆ ಬಟ್ಟೆಯಲ್ಲೇ ಬಾಯಿ ಒರೆಸಿಕೊಳ್ಳುವುದು ಊದಕ್ಕನ ಅಭ್ಯಾಸ. ಒಂದು ಸಂಜೆ ಬಟ್ಟೆಗಳನ್ನು ಒಗೆಯಲು ತೆಗೆದ ಮಗಳು, ಅದರಲ್ಲಿ ಇನ್ನೂ ಒದ್ದೆಯಾಗಿದ್ದ ಒಂದು ಕೆಂಪನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಅಮ್ಮ, ಇವತ್ತು ಪಾಲಿಶ್ ಕೆಲಸಾನೇ ಇರ್ಲಿಲ್ವಲ್ಲ?"

"ನಿನ್ನೇದಿರ್ಬೇಕು."

"ನಿನ್ನೇದು ಒದ್ದೆ ಇರುತ್ತಾ?"

ಮಾತಿಗೆ ಮಾತು ಕೊಡದೆ ಊದಕ್ಕ ಸುಮ್ಮನಾದದ್ದು ಮಗಳು ಹುಟ್ಟಿದ ಮೇಲೆ ಅದೇ ಮೊದಲು. ಮರುದಿನ ಅಂಗಡಿ ಬಾಗಿಲು ಹಾಕಿ ಇಬ್ಬರೂ ಆಸ್ಪತ್ರೆಗೆ ಹೋದರು.

ಸ್ಕ್ಯಾನ್ ಆಯಿತು, ಸೂಜಿ ಹಾಕಿ ತುಣುಕು ತೆಗೆದದ್ದೂ ಆಯಿತು. ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಗಂಟು. ಕ್ಯಾನ್ಸರ್ ಹೌದು. ಚಿಕ್ಕದು, ಬೇರೆಲ್ಲೂ ಹೋಗಿಲ್ಲ. ಎದೆ ಡಾಕ್ಟರು ಮೇಜಿನ ಮೇಲೆ ಕೈ ಜೋಡಿಸಿಟ್ಟುಕೊಂಡು ನಿಧಾನವಾಗಿ ಹೇಳಿದರು.

"ಅಂಗಡಿ ಕೆಮ್ಮೇ ಹೀಗಾಯ್ತಾ?" ಊದಕ್ಕ ಕೇಳಿದಳು.

"ಕೆಮ್ಮು ಕ್ಯಾನ್ಸರ್ ಆಗಲ್ಲಮ್ಮಾ. ಆದ್ರೆ ಎರಡಕ್ಕೂ ನಂಟಿದೆ. ಹೊಗೆ, ಆವಿ ಒಳಗೆ ಹೋಗಿ ಗಾಯ ಮಾಡುತ್ತೆ. ದೇಹ ಮಾಯಿಸುತ್ತೆ. ಮತ್ತೆ ಗಾಯ, ಮತ್ತೆ ಮಾಯಿಸೋದು. ವರ್ಷಗಟ್ಟಲೆ ಹೊಸ ಜೀವಕೋಶ ಮಾಡ್ತಾ ಮಾಡ್ತಾ ಎಲ್ಲೋ ಒಂದು ಕಡೆ ತಪ್ಪಾಗುತ್ತೆ. ನಿಮ್ಮಂಥ ಹಳೇ ಶ್ವಾಸಕೋಶದ ಕಾಯಿಲೆ ಇದ್ದೋರಿಗೆಲ್ಲ ಬರುತ್ತೆ ಅಂತಲ್ಲ. ಆದ್ರೆ ಬೇರೆಯೋರಿಗಿಂತ ಬರೋದು ಜಾಸ್ತಿ. ಸಿಗರೇಟು ಮುಟ್ಟದೇ ಇದ್ರೂ."

"ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೆಸುಗೆ ಹಾಕಿದ ಹಾಗೆ" ಎಂದಳು ಊದಕ್ಕ, ತನಗೆ ತಾನೇ. ಆಮೇಲೆ ತಲೆಯೆತ್ತಿ, "ತೆಗೀಬಹುದಾ?" ಎಂದಳು.

ಅದನ್ನು ಹೇಳಬೇಕಾದವರು ಆಪರೇಷನ್ ಮಾಡುವ ಡಾಕ್ಟರು. ಅವರಿಗೆ ಊದಕ್ಕ ನೋಡುವ ಮೊದಲೇ ಕತ್ತಿ ಡಾಕ್ಟರು ಎಂದು ಹೆಸರಿಟ್ಟಳು. ಅವರನ್ನು ಕಾಣುವ ಮೊದಲು ಒಂದು ಯಂತ್ರದೊಳಗೆ ಊದಬೇಕಿತ್ತು. ಹೊರಗೆ ಸಾಲುಗಟ್ಟಿ ಜನ. ಒಳಗಿದ್ದವನಿಗೆ ಅವಸರ. ಅವಳ ಮೂಗಿಗೆ ಒಂದು ಕ್ಲಿಪ್ಪು ಸಿಕ್ಕಿಸಿ, ಬಾಯಿಗೆ ಕೊಳವೆ ಇಟ್ಟು, "ಊದಿ, ಊದಿ, ಜೋರಾಗಿ" ಎಂದ. ಕೊಳವೆ ಬಾಯಿಗೆ ಬಂದದ್ದೇ ತಡ, ಊದಕ್ಕನ ಕೆನ್ನೆ ತಾನಾಗಿ ತುಂಬಿಕೊಂಡಿತು. ಆದರೆ ಮೂಗು ಮುಚ್ಚಿತ್ತು. ಅವಳಿಗೆ ಕೈ ಕಟ್ಟಿ ಈಜು ಎಂದಂತಾಯಿತು. ಸ್ವಲ್ಪ ಊದಿ ನಿಂತಳು, ಮತ್ತೆ ಊದಿದಳು, ಮತ್ತೆ ನಿಂತಳು. ಅವನು ಅಂಕಿಗಳನ್ನು ಅಚ್ಚು ಹಾಕಿ ಕೊಟ್ಟು, "ಮುಂದಿನವರು" ಎಂದು ಕೂಗಿದ.

ಕತ್ತಿ ಡಾಕ್ಟರು ಆ ಹಾಳೆ ನೋಡಿ ಕನ್ನಡಕ ತೆಗೆದರು. ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಮಾತಾಡಲಿಲ್ಲ. "ಗಂಟು ಈಗಲೇ ಸಿಕ್ಕಿದೆ, ತೆಗೆದರೆ ಗುಣವಾಗೋ ಸಾಧ್ಯತೆ ಚೆನ್ನಾಗಿದೆ. ರೇಡಿಯೇಷನ್ ಕಿರಣ ಕೊಡಬಹುದು, ಆದ್ರೆ ಅದಿರೋದು ದೊಡ್ಡ ಶ್ವಾಸನಾಳದ ಪಕ್ಕ, ಅದೂ ಅಷ್ಟು ಸಲೀಸಲ್ಲ. ತೆಗೆಯೋದೇ ಒಳ್ಳೇದು ಅಂತ ನಾನೇ ಹೇಳ್ತಿದ್ದೆ. ಆದ್ರೆ ನಿಮ್ಮ ಉಸಿರು ಇಷ್ಟೇ ಇದ್ರೆ ಟೇಬಲ್ ಮೇಲೆ ಮಲಗಿಸಿದವರನ್ನ ನಾನು ಎಬ್ಬಿಸೋಕಾಗಲ್ಲ."

ಊದಕ್ಕ ಹಾಳೆಯನ್ನು ಅವರ ಕಡೆಗೇ ತಳ್ಳಿದಳು.

"ಅಲ್ಲ ಸ್ವಾಮಿ, ಹಳೇ ರೋಗ ಹೊಸ ರೋಗಕ್ಕೆ ಬಾಗಿಲು ತೆಗೀತು. ಈಗ ಹೊಸದನ್ನ ಕತ್ತು ಹಿಡಿದು ಆಚೆ ಹಾಕೋಣ ಅಂದ್ರೆ ಅದೇ ಹಳೇದು ಬಾಗಿಲಿಗೆ ಅಡ್ಡ ನಿಂತಿದೆ. ಇದ್ಯಾವ ನ್ಯಾಯ?"

"ನ್ಯಾಯ ಅಲ್ಲ" ಎಂದರು ಡಾಕ್ಟರು. "ಆದ್ರೆ ಇರೋದು ಹೀಗೆ."

ಮನೆಗೆ ಬಂದಾಗ ತಮ್ಮ ಕಾದು ಕೂತಿದ್ದ. ವಿಷಯ ಕೇಳಿ ಅವನ ಮುಖದಲ್ಲಿ ಒಂದು ಥರ ಸಮಾಧಾನ ಕಂಡಿತು, ಅದನ್ನು ನೋಡಿ ಊದಕ್ಕನಿಗೆ ಎರಡು ಬಾರಿಸೋಣ ಅನ್ನಿಸಿತು. "ನಾನು ಮೊದಲೇ ಹೇಳ್ಲಿಲ್ವಾ ಅಕ್ಕ? ಕತ್ತಿ ತಾಗಿದ್ರೆ ಅದು ಮೈಯೆಲ್ಲ ಹರಡುತ್ತೆ. ಮುಟ್ಟದೆ ಬಿಟ್ರೆ ಅದ್ರ ಪಾಡಿಗೆ ಅದಿರುತ್ತೆ. ನಿನ್ನ ಜ್ವಾಲೆ ನೋಡು, ಒಂದು ಚೂರು ಅಲುಗಾಡಿದ್ಯಾ? ಅವರ ಯಂತ್ರಕ್ಕೇನು ಗೊತ್ತು!"

"ಅಲುಗಾಡದ ಜ್ವಾಲೆ ನೋಡ್ಕೊಂಡೇ ಇಲ್ಲಿಗೆ ಬಂದಿದೀನಿ ಕಣೋ. ಬಾಯಿ ಮುಚ್ಚು."

ಆ ಇಡೀ ಸಂಜೆ ಭಯ ಇತ್ತು, ಇಲ್ಲ ಎನ್ನಲಿಕ್ಕೆ ಅವಳೇನು ಕಲ್ಲೇ? ಆದರೆ ಭಯಕ್ಕಿಂತ ಸಿಟ್ಟು ಒಂದು ಹಿಡಿ ಹೆಚ್ಚಿತ್ತು. ತೆಗೆದರೆ ಬದುಕುತ್ತೀಯ, ಆದರೆ ತೆಗೆಯುವುದಿಲ್ಲ ಎಂದು ಯಾರಾದರೂ ಮುಖದ ಮೇಲೆ ಹೇಳಿದರೆ ಸಿಟ್ಟಲ್ಲದೆ ಇನ್ನೇನು ಬರುತ್ತದೆ? ಮರುದಿನ ಬೆಳಗ್ಗೆ ಅವಳು ಎದೆ ಡಾಕ್ಟರ ಬಾಗಿಲಲ್ಲಿ ನಿಂತಿದ್ದಳು. "ಉಸಿರು ಸಾಲದು ಅಂತಾರೆ. ಎಷ್ಟು ಬೇಕು ಹೇಳಿ, ಮಾಡಿಕೊಂಡು ಬರ್ತೀನಿ" ಎಂದಳು, ಉಂಗುರದ ಅಳತೆ ಕೇಳುವವಳ ಹಾಗೆ.

ಎದೆ ಡಾಕ್ಟರು ಈ ಸಲ ನಕ್ಕರು. ಪಂಪನ್ನು ಸರಿಯಾಗಿ ದಿನವೂ ಎಳೆಯಬೇಕು, ಒಲೆಯ ಕೋಣೆಗೆ ಕಾಲಿಡಬಾರದು, ದಿನಾ ನಡೆಯಬೇಕು, ಉಸಿರಾಟದ ವ್ಯಾಯಾಮ ಮಾಡಬೇಕು. ಸ್ವಲ್ಪ ದಿನ ಬಿಟ್ಟು ತಮ್ಮಲ್ಲೇ ಮತ್ತೆ ಊದಿಸಿ ನೋಡೋಣ ಎಂದರು. ಊದಕ್ಕ ಅಷ್ಟೂ ಮಾಡಿದಳು. ಓಣಿಯ ಈ ತುದಿಯಿಂದ ಆ ತುದಿಗೆ ನಡೆಯುವಾಗ ಅಂಗಡಿಗಳವರು ಕೊಳವೆ ಬಾಯಿಂದ ತೆಗೆದು ನೋಡುತ್ತಿದ್ದರು. "ಏನ್ರೋ, ಮೆರವಣಿಗೆ ನೋಡಿಲ್ವಾ?" ಎಂದು ಗದರಿಸಿ, ಮುಂದೆ ಹೋಗಿ ಗೋಡೆ ಹಿಡಿದು ಉಸಿರು ಸುಧಾರಿಸಿಕೊಳ್ಳುತ್ತಿದ್ದಳು.

ಎದೆ ಡಾಕ್ಟರ ಬಳಿ ಊದಿಸುವವಳು ಒಬ್ಬ ಹುಡುಗಿ. ಉದ್ದ ಜಡೆ, ಗಟ್ಟಿ ದನಿ. ಕಿವುಡರಿಗೂ ಕೇಳುವಂತೆ ಕೂಗಿ ಕೂಗಿ ಅವಳ ಮಾತೇ ಹಾಗಾಗಿತ್ತು. ಊದಕ್ಕನಿಗೆ ಕ್ಲಿಪ್ಪು ಹಾಕಿ ಒಮ್ಮೆ ಊದಿಸಿದಳು. ಇನ್ನೊಮ್ಮೆ ಊದಿಸಿದಳು. ಪರದೆ ನೋಡಿದಳು, ಮತ್ತೆ ಊದಕ್ಕನ ಮುಖ ನೋಡಿದಳು.

"ಅಮ್ಮಾ, ಯಾಕೆ ನಿಲ್ಲಿಸ್ತೀರ?"

"ಮೂಗು ಮುಚ್ಚಿಟ್ರೆ ನಾನು ಊದೋದು ಹೇಗೆ ತಾಯಿ?"

"ಎಲ್ಲರೂ ಹೀಗೇ ಊದೋದು."

"ಎಲ್ಲರೂ ಅಕ್ಕಸಾಲಿಗರಲ್ಲ."

ಹುಡುಗಿ ಇನ್ನೊಮ್ಮೆ ಊದಿಸಿದಳು. ಈ ಸಲ ಅವಳು ಪರದೆ ನೋಡಲಿಲ್ಲ, ಊದಕ್ಕನ ಕೆನ್ನೆಯನ್ನೇ ನೋಡುತ್ತಾ ನಿಂತಳು. ಆಮೇಲೆ ಕ್ಲಿಪ್ಪು ತೆಗೆದು, ಕುರ್ಚಿ ಎಳೆದುಕೊಂಡು ಎದುರು ಕೂತಳು. ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದಳು. "ನೋಡಿ, ನಿಮ್ಮ ಕಾಯಿಲೆ ಇದ್ದೋರ ಗೆರೆ ಹೀಗೆ ಎದ್ದು ತಟ್ಟಂತ ಬಗ್ಗುತ್ತೆ. ನಿಮ್ಮದು ಏಳೋದೇ ಇಲ್ಲ, ಹಲಗೆ ಥರ ಮಲಗಿದೆ. ನೀವು ಎದೆಯಿಂದ ಊದ್ತಾನೇ ಇಲ್ಲ ಅಮ್ಮಾ. ಬಾಯಲ್ಲಿರೋ ಗಾಳೀನ ಚೂರು ಚೂರೇ ಬಿಡ್ತಿದೀರ. ಒಳಗಿರೋದನ್ನ ಉಳಿಸ್ಕೊತಿದೀರ. ಯಾರಿಗೆ ಉಳಿಸ್ತಿದೀರ?"

ಊದಕ್ಕ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಹಾಗಾದರೆ ಕತ್ತಿ ಡಾಕ್ಟರು ನೋಡಿದ್ದು ಅವಳ ಶ್ವಾಸಕೋಶದ ಲೆಕ್ಕವಲ್ಲ, ಅವಳ ಅಪ್ಪನ ಪಾಠದ ಲೆಕ್ಕ! ಅದೇ ಕೆನ್ನೆ ಇಷ್ಟು ವರ್ಷ ನೀನು ಗಟ್ಟಿ ಎಂದು ಸುಳ್ಳು ಹೇಳಿತ್ತು, ಈಗ ನೀನು ಸತ್ತೆ ಎಂದು ಇನ್ನೊಂದು ಸುಳ್ಳು ಹೇಳಿತ್ತು. ನಗುವೋ ಅಳುವೋ ಏನೋ ಒಂದು ಉಕ್ಕಿ ಬಂದು, ಅದು ಕೆಮ್ಮಾಗಿ, ಹುಡುಗಿ ನೀರು ತಂದುಕೊಡಬೇಕಾಯಿತು.

"ಬಿಡ್ಬೇಕಮ್ಮಾ" ಎಂದಳು ಹುಡುಗಿ. "ಇರೋದನ್ನೆಲ್ಲ ಒಂದೇ ಸಲ. ಸಿಡಿದ ಹಾಗೆ. ಆಮೇಲೆ ಕೊನೇ ಚೂರೂ ಉಳೀಬಾರದು."

ಹೇಳುವುದು ಸುಲಭ. ಮನೆಯಲ್ಲಿ ಮಗಳು ಮೇಣದಬತ್ತಿ ಹಚ್ಚಿ ತೋಳಿನಷ್ಟು ದೂರ ಇಟ್ಟು, "ಆರಿಸು ನೋಡೋಣ" ಎಂದಳು. ಊದಕ್ಕ ಊದಿದಳು. ಜ್ವಾಲೆ ವಿನಯದಿಂದ ಬಾಗಿ, ಹಾಗೇ ಬಾಗಿಕೊಂಡೇ ನಿಂತಿತು. ಮಗಳು ಬಿದ್ದು ಬಿದ್ದು ನಕ್ಕಳು. ಊದಕ್ಕನೂ ನಕ್ಕಳು, ಆದರೆ ಒಳಗೆ ಹೆದರಿದಳು. ಎದೆ ತುಂಬ ಗಾಳಿ ಎಳೆದುಕೊಂಡು ಬಾಯಿ ತನಕ ತಂದರೆ, ಅಲ್ಲಿ ಅಪ್ಪ ಅಡ್ಡ ಕೂತಿರುತ್ತಿದ್ದ. ಮೈಯಲ್ಲಿ ಕೂತ ಕಸುಬನ್ನು ಎಬ್ಬಿಸಿ ಕಳಿಸುವುದು ಕೂರಿಸಿದ್ದಕ್ಕಿಂತ ಕಷ್ಟ. ದಿನವೂ ಮೇಣದಬತ್ತಿ, ದಿನವೂ ಅದೇ ಬಾಗಿದ ಜ್ವಾಲೆ. ಒಮ್ಮೊಮ್ಮೆ ಆರುತ್ತಿತ್ತು. ಒಮ್ಮೊಮ್ಮೆ ಸಾಲದು ಎಂದು ಅವಳಿಗೂ ಗೊತ್ತಿತ್ತು.

ಮತ್ತೆ ಊದುವ ದಿನ ತಮ್ಮನೂ ಜೊತೆಗೆ ಬಂದ, ಬೇಡವೆಂದರೂ. ಊದಕ್ಕ ಒಳಗೆ ಕುರ್ಚಿಯಲ್ಲಿ ಕೂತಿದ್ದಳು, ಬಾಗಿಲು ಅರೆ ತೆರೆದಿತ್ತು. ಮೊದಲ ಸಲ ಸರಿಬರಲಿಲ್ಲ. ಎರಡನೆಯದೂ ಬರಲಿಲ್ಲ. ಹೊರಗಿನಿಂದ ತಮ್ಮನ ದನಿ ಕೇಳಿತು, ನೀರು ತರಲು ಹೋದ ಊದಿಸುವ ಹುಡುಗಿಗೆ ಹೇಳುತ್ತಿದ್ದ: "ಪಾಪ, ಯಾಕಮ್ಮ ತೊಂದರೆ ಕೊಡ್ತೀರ ಅವಳಿಗೆ? ಇರೋಷ್ಟು ದಿನ ನೆಮ್ಮದಿಯಾಗಿರ್ಲಿ ಬಿಡಿ."

ಇರೋಷ್ಟು ದಿನ! ಊದಕ್ಕನ ತಲೆಯಲ್ಲಿ ಏನೋ ಧಗ್ಗೆಂದಿತು. ಲೋಟದ ನೀರು ಕುಡಿದು ಎದ್ದು ಹೋದವನು, ಅರ್ಧ ಆಯುಷ್ಯ ಅವಳ ಬೆಸುಗೆಯ ಮೇಲೆ ಹೆಸರು ಮಾಡಿದವನು, ಇವಳ ದಿನಗಳಿಗೆ ಇವನು ಬೇಲಿ ಹಾಕುತ್ತಾನೆಯೇ? ಅವಳೇ ಕ್ಲಿಪ್ಪು ಎತ್ತಿ ಮೂಗಿಗೆ ಸಿಕ್ಕಿಸಿಕೊಂಡಳು. ಹುಡುಗಿ ಓಡಿ ಬಂದು ಗುಂಡಿ ಒತ್ತಿ, "ಎಳೀರಿ, ಎಳೀರಿ, ಇನ್ನೂ, ಈಗ ಬಿಡಿ!" ಎಂದು ಕೂಗಿದಳು. ಊದಕ್ಕ ಬಿಟ್ಟಳು. ಅಪ್ಪನನ್ನು, ಹಲಗೆ ಹೊಡೆದ ಕಿಟಕಿಯನ್ನು, ಕರಗಿದ ಕೊಂಡಿಯನ್ನು, ತಮ್ಮನ ಆ 'ಪಾಪ' ಎಂಬ ಮಾತನ್ನು, ಎಲ್ಲವನ್ನೂ ಸೇರಿಸಿ ಬಿಟ್ಟಳು. "ಇನ್ನೂ, ಇನ್ನೂ, ಇನ್ನೂ" ಎನ್ನುತ್ತಲೇ ಇದ್ದಳು ಹುಡುಗಿ. ಕಣ್ಣು ಕತ್ತಲೆಯಾಯಿತು, ಹೊಟ್ಟೆ ಬೆನ್ನಿಗೆ ಅಂಟಿತು, ಆದರೂ ಬಿಟ್ಟಳು. ನಿಂತಾಗ ಮುಖವೆಲ್ಲ ಕಣ್ಣೀರು. ಪರದೆಯ ಮೇಲೆ ಗೆರೆ ಎದ್ದು ನಿಂತು ತಟ್ಟಂತ ಬಗ್ಗಿತ್ತು.

"ಕಾಯಿಲೆ ಗೆರೆ" ಎಂದಳು ಹುಡುಗಿ. "ಆದ್ರೆ ನಿಮ್ಮದೇ ಗೆರೆ."

ಮತ್ತೆ ಮತ್ತೆ ಊದಿಸಿ ಖಾತ್ರಿ ಮಾಡಿಕೊಂಡು ಹಾಳೆಯನ್ನು ಕತ್ತಿ ಡಾಕ್ಟರಿಗೆ ಕಳಿಸಿದರು. ಒಳ್ಳೆಯ ಅಂಕಿಯಲ್ಲ, ಸಾಲುವ ಅಂಕಿ. ಡಾಕ್ಟರು ಅಷ್ಟಕ್ಕೇ ಒಪ್ಪುವವರಲ್ಲ. ಊದಕ್ಕನನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿ, ತಾವೂ ಪಕ್ಕದಲ್ಲಿ ಹತ್ತಿ, ಬೆರಳಿಗೆ ಸಿಕ್ಕಿಸಿದ ಯಂತ್ರ ನೋಡುತ್ತಾ ಬಂದರು. ಮೇಲೆ ತಲುಪಿದಾಗ ಇಬ್ಬರಿಗೂ ಏದುಸಿರು.

"ಅಪಾಯ ಇದೆ, ಇಲ್ಲ ಅನ್ನಲ್ಲ" ಎಂದರು. "ಈ ಶ್ವಾಸಕೋಶ ಮಾಯೋದು ನಿಧಾನ. ಬೇರೆಯೋರಿಗಿಂತ ಜಾಸ್ತಿ ದಿನ ಇರಬೇಕಾಗುತ್ತೆ. ಹೆಚ್ಚು ಕಡಿಮೆನೂ ಆಗಬಹುದು."

"ಸ್ವಾಮಿ, ನೀವು ಬೇಡ ಅಂದಾಗ ನಾನು ಸಾಯೋದು ಖಾತ್ರಿ ಇತ್ತು. ಈಗ ಖಾತ್ರಿ ಇಲ್ಲ ಅಂತಿದೀರ. ನನಗದೇ ಲಾಭ. ಕೊಯ್ಯಿರಿ."

ಕೊಯ್ದರು. ಎಚ್ಚರವಾದಾಗ ಪಕ್ಕೆಯಲ್ಲಿ ಕೊಳವೆ, ಮೂಗಿಗೆ ಕೊಳವೆ, ಕೈಗೆ ಕೊಳವೆ. "ಇದೇನು, ನನ್ನನ್ನೇ ಊದೋಕೆ ಇಟ್ಟಿದೀರಾ?" ಎಂದು ಕೇಳಿದಳಂತೆ, ಅವಳಿಗೆ ನೆನಪಿಲ್ಲ. ಕೆಮ್ಮಿದರೆ ಪಕ್ಕೆ ಸೀಳಿದಂತೆ ನೋವು, ಕೆಮ್ಮದಿದ್ದರೆ ನರ್ಸು ಬೈಯುವಳು. ಒಳಗಿನ ಗಾಯದಿಂದ ಗಾಳಿ ಸೋರುವುದು ನಿಲ್ಲಲು ತಡವಾಯಿತು. ಒಂದೆರಡು ದಿನ ಮಗಳ ಮುಖ ನೋಡಲಾಗುತ್ತಿರಲಿಲ್ಲ. ಆಮೇಲೆ ಸೋರುವುದು ನಿಂತಿತು. ಕತ್ತಿ ಡಾಕ್ಟರು ಬಂದು, ಗಂಟು ಪೂರ್ತಿ ಬಂದಿದೆ, ಅಂಚಿನಲ್ಲಿ ಏನೂ ಉಳಿದಿಲ್ಲ ಎಂದರು. "ತೆಗೆದ ಭಾಗ ಹೇಗೂ ಸವೆದುಹೋಗಿತ್ತಮ್ಮಾ. ಜಾಗ ಹಿಡ್ಕೊಂಡು ಕೂತಿತ್ತೇ ಹೊರತು ದುಡೀತಿರಲಿಲ್ಲ."

"ಅಂಥವನೊಬ್ಬ ನಮ್ಮನೇಲೂ ಇದ್ದ" ಎಂದಳು ಊದಕ್ಕ. "ಅವನು ಕೊಯ್ಯಿಸ್ಕೊಳ್ಳದೆ ತಾನೇ ಬೇರೆ ಊರಿಗೆ ಹೋದ."

ಆದರೆ ಎದೆ ಡಾಕ್ಟರು ಬಂದು ಹೇಳಿದ ಮಾತಿಗೆ ಅವಳ ಬಳಿ ಜೋಕು ಇರಲಿಲ್ಲ. ಕ್ಯಾನ್ಸರ್ ಹೋಗಿದೆ, ಹಳೆಯ ಕಾಯಿಲೆ ಹೋಗಿಲ್ಲ. ಪಂಪು ಬದುಕಿರುವ ತನಕ. ಸ್ಕ್ಯಾನಿಗೆ ತಪ್ಪದೆ ಬರಬೇಕು. ದೀಪ, ಇದ್ದಿಲು, ಆಸಿಡ್ಡು, ಕೊಳವೆ, ಇನ್ನು ಯಾವುದೂ ಇಲ್ಲ. ಊದಕ್ಕ ಗೋಡೆಯ ಕಡೆ ತಿರುಗಿ ಅತ್ತಳು. ಮುಚ್ಚಿಟ್ಟುಕೊಳ್ಳಲಿಲ್ಲ, ಮಗಳು ಬೆನ್ನು ಸವರುತ್ತಿರಲು ಅತ್ತಳು. ಅವಳ ಬದುಕಿನ ಕೆಲಸ ಊದುವುದೊಂದೇ ಆಗಿತ್ತು. ಅತ್ತು ಮುಗಿದ ಮೇಲೆ, "ಹರಳು ಕೂರಿಸೋಕೆ ಬೆಂಕಿ ಬೇಡ ತಾನೇ? ಮುಂದುಗಡೆ ನಿನ್ನ ಪಕ್ಕ ಕೂರ್ತೀನಿ. ಸರಿದುಕೋ" ಎಂದಳು. "ಮತ್ತೆ ಆ ಕಿಟಕಿ ಹಲಗೆ ಇವತ್ತೇ ಕೀಳಿಸು."

ತಮ್ಮ ಮತ್ತೆ ಆಸ್ಪತ್ರೆಗೆ ಬಂದದ್ದು ಅದಾದ ಮೇಲೆ. ಆಪರೇಷನ್ ಮುಗಿಯುವವರೆಗೆ ಅವನಿಗೆ ಬರುವ ಧೈರ್ಯವಾಗಿರಲಿಲ್ಲ. ಲಿಫ್ಟು ಕೆಟ್ಟಿತ್ತು. ಊದಕ್ಕನ ಮಂಚ ಮೆಟ್ಟಿಲ ಪಕ್ಕದ ಕೋಣೆಯಲ್ಲಿ. ಯಾರೋ ಮೆಟ್ಟಿಲು ಹತ್ತುವುದು ಕೇಳಿಸಿತು, ನಿಲ್ಲುವುದು ಕೇಳಿಸಿತು, ಸಣ್ಣ ಸೀಟಿಯಂಥ ಉಸಿರು, ಮತ್ತೆ ಎರ‍ಡು ಮೆಟ್ಟಿಲು, ಮತ್ತೆ ನಿಲ್ಲುವುದು. ಅವಳಿಗೆ ಆ ಉಸಿರು ಗೊತ್ತಿತ್ತು. ಎಷ್ಟೋ ವರ್ಷ ಎದುರು ಮೇಜಿನಲ್ಲಿ ಕೇಳಿಯೂ ಕೇಳಿಸಿಕೊಳ್ಳದ ಉಸಿರು. ಅವನು ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತು ನಗಲು ನೋಡಿದ.

"ಬಾ" ಎಂದಳು ಊದಕ್ಕ. ಅವಳು ಆಗಲೇ ಮಂಚದಿಂದ ಕಾಲು ಕೆಳಗಿಟ್ಟಿದ್ದಳು.

"ಎಲ್ಲಿಗೆ? ಮಲಗು ಅಕ್ಕ, ಹೊಲಿಗೆ ಬಿಚ್ಚಿಲ್ಲ ಇನ್ನೂ."

"ಬಾ ಅಂದ್ನಲ್ಲ."

ಎದೆ ಡಾಕ್ಟರ ಕೋಣೆ ಅದೇ ಮಹಡಿಯಲ್ಲಿತ್ತು. ಪಕ್ಕೆ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅವನ ತೋಳು ಹಿಡಿದುಕೊಂಡು ಅವಳು ನಡೆದಳು. ಯಾರು ಯಾರನ್ನು ಆನಿಸಿಕೊಂಡಿದ್ದಾರೆ ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಊದಿಸುವ ಹುಡುಗಿ ಅವಳನ್ನು ಕಂಡು ಹೌಹಾರಿ ಕುರ್ಚಿ ತಂದಳು. ಊದಕ್ಕ ಆ ಕುರ್ಚಿಯಲ್ಲಿ ತಮ್ಮನನ್ನು ಕೂರಿಸಿದಳು. ಡಾಕ್ಟರನ್ನು ಕೇಳಿ ಬಂದ ಹುಡುಗಿ ಕ್ಲಿಪ್ಪು ತೆಗೆದುಕೊಂಡಳು.

"ನನಗೇನಾಗಿದೆ? ಅಂಗಡಿ ಕೆಮ್ಮು" ಎಂದ ತಮ್ಮ. ಆದರೂ ಕೊಳವೆ ಬಾಯಿಗಿಟ್ಟ ತಕ್ಷಣ ಅವನ ಕೆನ್ನೆ ತುಂಬಿತು. ಕಸುಬುದಾರನ ಹೆಮ್ಮೆಯಿಂದ ಚೂರು ಚೂರೇ ಬಿಡತೊಡಗಿದ. ಊದಕ್ಕ ಅವನ ಎದುರು ನಿಂತು, ಎರಡೂ ಅಂಗೈಗಳಿಂದ ಅವನ ಕೆನ್ನೆಗಳನ್ನು ಒತ್ತಿ ಹಿಡಿದಳು. ಗಾಳಿ ಪುಸಕ್ಕೆಂದು ಹೋಯಿತು. ಅವನು ಕೊಳವೆ ಬಾಯಿಂದ ತೆಗೆದ. ಅವನ ಕಣ್ಣಲ್ಲಿ ನಗು ಇರಲಿಲ್ಲ.

"ಅಕ್ಕ, ನನಗೂ ಬಟ್ಟೇಲಿ ಕೆಂಪು ಕಾಣಿಸ್ತಿದೆ. ನಿನಗಿಂತ ಮೊದಲೇ. ಯಾರಿಗೂ ಹೇಳಿಲ್ಲ. ಭಯ ಆಗುತ್ತೆ."

ಊದಕ್ಕ ಕೈ ತೆಗೆಯಲಿಲ್ಲ. ಕೆನ್ನೆಗಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

"ಆಗ್ಲಿ" ಎಂದಳು. "ಊದು."